ಮೂರನೇ ಸಿಲಿಂಡರಿನ ಬಾಳಿಕೆ

ಮಾರ್ಚ್ ೪, ಬೆಳಿಗ್ಗೆ ೧೦

ಇವತ್ತಿನ ಎರಡನೇ ಎಂಜಿನ್ ಬ್ಲಾಕ್ ಮೇಜಿಗೆ ಬಂತು. ಬೆನ್ನಿಗೇ ಅಕ್ಕನ ಫೋನು. ಅವಳ ಕಸುಬೇ ಕೊರೆಯುವುದು — ತನ್ನ ವರ್ಕ್‌ಶಾಪಿನಲ್ಲಿ ಸಿಲಿಂಡರ್, ಫೋನಿನಲ್ಲಿ ನನ್ನ ತಲೆ. ಬ್ಲಾಕೂ ಅವಳದೇ. ಹುಟ್ಟಿದಾಗ ಮುನ್ನೂರು ಕುದುರೆಯ ಬಲ. ಆರು ಸಿಲಿಂಡರನ್ನೂ ಅಗಲಿಸಿ ಕೊರೆದು, ಗಾಳಿ ತುರುಕುವ ಟರ್ಬೊ ಕೂರಿಸಿ ಒಂಬೈನೂರು ಮಾಡಿದ್ದಾಳೆ. ಕುದುರೆ ಮೂರು ಪಟ್ಟು, ಲಾಯ ಹಳೆಯದೇ, ಗೋಡೆ ಇನ್ನೂ ತೆಳು. ಎಷ್ಟು ಕಾಲ ತಡೆದೀತು ಎಂದು ಅಳೆದು ಸಹಿ ಹಾಕುವುದು ಈ ಲ್ಯಾಬಿನಲ್ಲಿ ನನ್ನ ಹೊಟ್ಟೆಪಾಡು. ಮುಂದಿನ ತಿಂಗಳು ಆರು ಗಂಟೆಯ ರೇಸ್. ಓಡಿಸುವವರು ಭಾವ.

"ಸರಿಯಾಗಿ ನೋಡೋ, ಅಳತೆರಾಯ. ನಂಗಿರೋದು ಒಬ್ಬನೇ ಗಂಡ."

"ಬ್ಲಾಕೂ ಒಂದೇ ತಾನೆ?"

"ಅದಕ್ಕೇ ಮೊದಲು ಬ್ಲಾಕ್ ನೋಡು."

ಸಂಜೆ ೪

ಅಳೆದಾಯಿತು. ಆರಕ್ಕೆ ಆರೂ ದುಂಡಗೆ, ಅಕ್ಕನ ಮುಖದ ಹಾಗೆ. ಸಹಿ ಹಾಕಿದೆ.

ಮಾರ್ಚ್ ೫

ಬ್ಲಾಕ್ ಒಯ್ಯಲು ಭಾವ ಬಂದಿದ್ದರು. ತಡೆಯುತ್ತದೋ ಇಲ್ಲವೋ ಎಂದು ಕೇಳಲೇ ಇಲ್ಲ.

"ಭಯ ಆಗಲ್ವಾ ಭಾವ?"

"ಹತ್ತೊಂಬತ್ತು ವರ್ಷದಿಂದ ಅವಳು ಕಟ್ಟಿದ್ದನ್ನ ಓಡಿಸ್ತಿದೀನಪ್ಪ, ಅವಳು ಬಡಿಸಿದ್ದನ್ನ ತಿಂತಿದೀನಿ. ಎರಡರಲ್ಲಿ ಎಂಜಿನ್ನೇ ವಾಸಿ."

ಮಾರ್ಚ್ ೯, ಮಧ್ಯಾಹ್ನ

ಊಟ ಮುಗಿಸಿ ಬಂದೆ. ಮೂಲೆಯಲ್ಲಿ ಆ ಉಕ್ಕಿನ ಪ್ಲೇಟ್. ಮೇಲೆ ಧೂಳು. ಅಕ್ಕನ ಬ್ಲಾಕಿಗೆ ಇದನ್ನು ಮುಟ್ಟೇ ಇಲ್ಲ.

ಬರಿಯ ಬ್ಲಾಕ್ ಯಾವಾಗಲೂ ಸಾಧು. ಮೇಲೆ ಮುಚ್ಚಳದ ಹಾಗೆ ಹೆಡ್ ಕೂರಿಸಿ ಬೋಲ್ಟ್ ಬಿಗಿದಾಗಲೇ ತೆಳು ಗೋಡೆ ಸೊಟ್ಟಗಾಗುವುದು. ಅದಕ್ಕೇ ಹೆಡ್ ಬದಲು ಆ ಪ್ಲೇಟನ್ನು ಬಿಗಿದು ಅಳೆಯಬೇಕು. ಬಿಗಿಯಲಿಲ್ಲ. ಮೂವತ್ತು ಕಿಲೋ ಭಾರ, ಅವತ್ತು ಸೊಂಟ ಹಿಡಿದಿತ್ತು... ನೆಪ. ಅಕ್ಕನ ಕೈಕೆಲಸ ಅಲ್ಲವೇ ಎಂಬ ಸಲಿಗೆ. ಬೇರೆ ಯಾರದಾದರೂ ಆಗಿದ್ದರೆ ಬಿಗಿಯದೆ ಬಿಡುತ್ತಿರಲಿಲ್ಲ. ಪ್ರೀತಿಗೆ ಕಣ್ಣಿಲ್ಲವಂತೆ. ಅಳೆಯುವ ಗೇಜೂ ಇಲ್ಲ.

ಅಕ್ಕ ಇಷ್ಟುಹೊತ್ತಿಗೆ ಎಂಜಿನ್ ಜೋಡಿಸಿ ಮುಗಿಸಿರುತ್ತಾಳೆ.

ಮಾರ್ಚ್ ೧೦

ಪ್ಲೇಟ್ ಹೊತ್ತುಕೊಂಡು ವರ್ಕ್‌ಶಾಪಿಗೇ ಹೋದೆ. ಹೇಳಿದೆ. ಒರೆಸುತ್ತಿದ್ದ ಬಟ್ಟೆ ಅಕ್ಕನ ಕೈಯಲ್ಲೇ ನಿಂತಿತು.

"ನೀನೇ ಅಲ್ವೇನೋ ಸರಿ ಇದೆ ಅಂದಿದ್ದು?"

"ನಾನೇ. ಈಗ ತಪ್ಪಿದೆ ಅಂತಿರೋನೂ ನಾನೇ."

"ಊರು ಸೂರೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ಯಾ?"

"ಇನ್ನೂ ಸೂರೆ ಹೋಗಿಲ್ಲ ಅಕ್ಕ. ಭಾವ ಇನ್ನೂ ಕಾರು ಹತ್ತಿಲ್ಲ."

ಬಟ್ಟೆ ಬಿಸಾಡಿ ಎಂಜಿನ್ ಬಿಚ್ಚಿದಳು. ಪ್ಲೇಟ್ ಬಿಗಿದು ಅಳೆದೆ. ಮೂರನೆಯದು ಕೋಳಿಮೊಟ್ಟೆ. ಸೊಟ್ಟ ಒಂದು ಕೂದಲೆಳೆಯಷ್ಟೇ, ಆದರೆ ಆರು ಗಂಟೆ ತಡೆಯುವ ಗೋಡೆಯಲ್ಲ. ಎಲ್ಲೋ ನಾಲ್ಕನೇ ಗಂಟೆಗೆ ಸೀಳುತ್ತದೆ, ಭಾವ ಪೂರ್ತಿ ವೇಗದಲ್ಲಿದ್ದಾಗ. ಉಳಿಯುವ ದಾರಿ ಒಂದೇ: ಒಳಗೆ ಉಕ್ಕಿನ ದಪ್ಪ ಕೊಳವೆಯಂಥ ಲೈನರ್ ಹಾಕಿ, ಬಲ ಇಳಿಸುವುದು.

"ಎಷ್ಟು ಇಳಿಸ್ಬೇಕು?"

"ಮುನ್ನೂರು."

"ಎರಡು ವರ್ಷ ಕೂತು ಏರಿಸಿದ್ದು ಕಣೋ ಅದು... ಹೋಗು. ನನ್ ಕಣ್ಮುಂದೆ ನಿಲ್ಬೇಡ."

ಲ್ಯಾಬಿಗೆ ಬಂದು ನನ್ನ ಸಹಿಯ ಮೇಲೆ ನಾನೇ ಗೀಟು ಎಳೆದೆ.

ಮಾರ್ಚ್ ೨೨

ಹನ್ನೆರಡು ದಿನ. ತಲೆ ಕೊರೆಯುವವರಿಲ್ಲ. ಸುಖವಾಗಿರಬೇಕಿತ್ತು. ಇಲ್ಲ.

ಭಾವ ಫೋನ್ ಮಾಡಿದರು. ಲೈನರ್ ಹಾಕಿದ್ದಾಳಂತೆ. ಮುನ್ನೂರು ಕುದುರೆಯನ್ನೂ ಬಿಟ್ಟುಕೊಟ್ಟಳಂತೆ. ನಾಳೆಯಿಂದ ಟೆಸ್ಟ್ ಬೆಂಚಿನ ಮೇಲೆ ಇಪ್ಪತ್ತು ಗಂಟೆ ಓಡಿಸುತ್ತಾಳಂತೆ.

"ಬೈತಿದಾಳಾ ಭಾವ?"

"ದಿನಾ. ಬೈದು ಮುಗಿಸಿ, 'ಅವನು ಸರಿಯಾಗಿ ಉಣ್ತಿದಾನಾ ಕೇಳ್ರೀ' ಅಂತಾಳೆ. ಉಣ್ತಿದ್ಯಾ?"

"ಉಣ್ತಿದೀನಿ ಅನ್ನಿ."

ಮಾರ್ಚ್ ೨೬, ಬೆಳಿಗ್ಗೆ ೧೧

ಇಪ್ಪತ್ತು ಗಂಟೆ ಓಡಿ, ಬಿಚ್ಚಿಸಿಕೊಂಡು ಬ್ಲಾಕ್ ವಾಪಸ್ ಬಂತು. ಅಕ್ಕನೇ ತಂದಳು. ಮುಖ ಬಿಗಿದಿತ್ತು, ಅದಕ್ಕೆ ಯಾವ ಪ್ಲೇಟೂ ಬೇಕಿರಲಿಲ್ಲ. ನಾನು ಪ್ಲೇಟ್ ಎತ್ತಲು ಬಗ್ಗಿದೆ. ಇನ್ನೊಂದು ತುದಿ ಅವಳು ಹಿಡಿದಳು.

"ಸೊಂಟ ಹುಷಾರು." ಹದಿನಾರು ದಿನದಲ್ಲಿ ಮೊದಲ ಮಾತು.

ಬಿಗಿದೆವು. "ನೀನು ಓದು. ನಾನು ಬರ್ಕೋತೀನಿ" ಅಂದಳು. ಒಂದು, ಎರಡು ಓದಿದೆ. ಬರೆದುಕೊಂಡಳು. ಮೂರನೆಯದಕ್ಕೆ ಗೇಜ್ ಇಳಿಸಿ ಸುತ್ತ ತಿರುಗಿಸಿದೆ. ಮುಳ್ಳು ಕದಲುವುದೋ ಬೇಡವೋ ಎನ್ನುವಂತಿತ್ತು. ಸೊಟ್ಟ ಈಗ ಕೂದಲೆಳೆಯ ಹತ್ತರಲ್ಲೊಂದು ಪಾಲೂ ಇಲ್ಲ. ಓದಿದೆ.

"ಇನ್ನೊಂದ್ಸಲ ಓದು."

ಓದಿದೆ. "ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ."

ಮೂರನೇ ಸಲ ಓದುವಾಗ ನನ್ನ ದನಿಯೇ ಸೊಟ್ಟಗಾಯಿತು. ಉಳಿದ ಮೂರೂ ದುಂಡಗೇ ಇದ್ದವು. ಅಕ್ಕ ಮುಖ ತೊಳೆಯಲು ಹೋಗಿದ್ದಾಳೆ. ಬಾಗಿಲಲ್ಲಿ ಭಾವ: "ಅಳ್ತಿದಾಳೇನಪ್ಪ?" "ಎಣ್ಣೆ ಹೊಗೆ ಭಾವ" ಅಂದೆ. ಇಲ್ಲಿ ಯಾವ ಎಂಜಿನ್ನೂ ಓಡುತ್ತಿಲ್ಲ. ಅವರೂ ಹೂಂ ಅಂದರು.

ಬಂದಳು. "ಕೂತ್ಕೊಂಡು ಏನ್ ಗೀಚ್ತಿದ್ಯೋ? ಮೊದ್ಲು ಸಹಿ ಹಾಕು, ಎಂಜಿನ್ ಜೋಡಿಸ್ಬೇಕು, ಇವರು ರೇಸಿಗೆ ಹೊರಡೋ ದಿನ ಹತ್ರ ಬಂತು" ಎಂದು ಕಾಗದ ಮೇಜಿಗೆ ಬಡಿದಳು. ತಡಿ ಅಕ್ಕ, ಒಂದೇ ಸಾಲು ಅಂದೆ. ಕೈಯಿಂದ ಪೆನ್ನು ಕೀಳುತ್ತಿದ್ದಾ—