ಜೂನ್ ಒಂದರಂದು ಹುಟ್ಟಿದವರು

ನವೆಂಬರ್ ೧೦, ಸೋಮವಾರ

ಇವತ್ತು ಮೊಳಕಾಲ್ಮೂರಿನ ಇಂಗ್ಲಿಷ್ ತರಗತಿಯಲ್ಲಿ ಕಾಲ ಹೇಳುವ ಮೂರು ಪದ ಕಲಿಸಿದೆ. ಗಂಟೆಗೆ ಅಟ್, ದಿನಕ್ಕೆ ಆನ್, ತಿಂಗಳಿಗೆ ಇನ್. ಬರುವವರು ಒಂಬತ್ತು ಜನ, ಎಲ್ಲರೂ ಮಗ್ಗದ ಮನೆಯ ಹೆಂಗಸರು. ಹುಟ್ಟಿದ್ದು ಯಾವಾಗ, ಬರೆಯಿರಿ ಎಂದೆ. ಏಳು ಜನ ಜೂನ್ ಒಂದು ಎಂದು ಬರೆದರು. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿಗೆ ಹಾಕಿಕೊಂಡ ತಾರೀಖು. ಉಳಿದಿಬ್ಬರು ಖಾಲಿ ಬಿಟ್ಟಿದ್ದರು.

"ನಿಮ್ದು ಯಾವಾಗ ಟೀಚರ್?" ಎಂದು ಇಮಾಂ ಬೀ ಕೇಳಿಯೇಬಿಟ್ಟರು.

ನನ್ನದೂ ಜೂನ್ ಒಂದೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಮ್ಮೂರು ಬಿ.ಜಿ. ಕೆರೆಗೆ ಬರುವ ಬಸ್ಸಿನಲ್ಲಿ ಮನಸ್ಸು ಅಲ್ಲೇ ಇತ್ತು. ವಯಸ್ಸು ನಲವತ್ತು ದಾಟಿದೆ, ಒಂದು ದಿನವೂ ಅವ್ವನನ್ನು ಕೇಳಿಲ್ಲ. ಮಹಾ ಟೀಚರ್ ನಾನು!

ಮನೆಗೆ ಬಂದಾಗ ಅವ್ವ ಸೊಪ್ಪು ಸೋಸುತ್ತಿದ್ದಳು. ಚೀಲ ಇಡುವ ಮೊದಲೇ ಕೇಳಿದೆ.

"ತಾರೀಖು ನಂಗೆಲ್ಲಿ ಗೊತ್ತಾಗ್ಬೇಕು ರತ್ನಿ? ಶೇಂಗಾ ಕೀಳೋ ಕಾಲ. ಸೋಮವಾರ. ದನ ಮನೆಗೆ ಬರೋ ಹೊತ್ತಿಗೆ ನೀನು ಹುಟ್ಟಿದ್ದು." ತಲೆಯೆತ್ತದೆ ಹೇಳಿದಳು. ಆಮೇಲೆ, "ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?" ಎಂದಳು.

ಕಾಲ, ದಿನ, ಹೊತ್ತು. ಮೂರನ್ನೂ ಒಂದೇ ಉಸಿರಿಗೆ ಹೇಳಿದಳು. ನನ್ನ ಹತ್ತಿರ ಇದ್ದದ್ದು ಯಾರೋ ಬರೆದ ತಾರೀಖು ಮಾತ್ರ.

ಸುತ್ತಲ ಹೊಲಗಳಲ್ಲಿ ಈ ವಾರ ಶೇಂಗಾ ಕೀಳುತ್ತಿದ್ದಾರೆ. ಸಂಜೆ ಬಸ್ಸಿಳಿದಾಗ ದನಗಳು ರಸ್ತೆ ದಾಟುತ್ತಿದ್ದವು, ಅವು ಹೋಗಲಿ ಎಂದು ನಿಂತಿದ್ದೆ. ಸೋಮವಾರ ಎಂದು ಮೇಲೆ ನಾನೇ ಬರೆದಿದ್ದೇನೆ.