ಬರೀ ಕಾಲರ್

ಮಾರ್ಚ್ 3, ಸೋಮವಾರ
ಇವತ್ತು ಐನೂರ ಹತ್ತು ಕಾಲರ್. ಟಾರ್ಗೆಟ್‌ಗಿಂತ ಮೂವತ್ತು ಜಾಸ್ತಿ. ಶರ್ಟ್ ಫ್ಯಾಕ್ಟರಿಯಲ್ಲಿ ನಾನು ಕಾಲರ್ ಕೂರಿಸುವವಳು. ತೋಳು ಪಕ್ಕದ ಲೈನಿನವರದು, ಗುಂಡಿ ಅದರಾಚೆಯವರದು. ಹದಿನಾಲ್ಕು ವರ್ಷದಿಂದ ಇದೇ.

ಗೇಟಿನ ಹತ್ತಿರ ಬಾಬಿನ್ ಅಕ್ಕ ಕಾದಿದ್ದಳು. ಹೋದ ವರ್ಷ ನಮ್ಮ ಫ್ಯಾಕ್ಟರಿ ಬಿಟ್ಟವಳು. ಹೊಲಿಗೆ ಅಂಗಡಿ ಹಾಕುತ್ತಾಳಂತೆ. "ಎರಡು ಮಷೀನು. ಒಂದು ನಂದು, ಒಂದು ನಿಂದು. ಪಾಲಿಗೆ ಬಾರೇ. ತಿಂಗಳ ಕೊನೆಗೆ ಹೇಳು." ನಗು ಬಂತು. ಆದರೂ ಮನೆ ಸೇರುವವರೆಗೂ ತಲೆಯಲ್ಲಿ ಅದೇ ಮಾತು.

ಮಾರ್ಚ್ 4
ಇವರು ಸ್ಕೂಲ್ ವ್ಯಾನ್ ತೊಳೆಯುತ್ತಿದ್ದಾಗ ಹೇಳಿದೆ. "ನಿನ್ನಿಷ್ಟ" ಅಂದರು. ಈ 'ನಿನ್ನಿಷ್ಟ' ಕೇಳಿದರೆ ಮೈ ಉರಿಯುತ್ತದೆ. ಅತ್ತೆ ಮಾತ್ರ ನೇರ: "ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯೇನಮ್ಮಾ? ತಿಂಗಳಾದ್ರೆ ಸಂಬಳ ಬರುತ್ತೆ. ಇನ್ನೇನು ಬೇಕು?" ಸುಳ್ಳೇನಲ್ಲ. ಮಗಳ ಕಾಲೇಜು ಇನ್ನೂ ಎರಡು ವರ್ಷ ಇದೆ.

ಮಾರ್ಚ್ 16, ಭಾನುವಾರ
ಇವರಿಗೆ ಶರ್ಟ್ ಹೊಲಿದೆ. ನನ್ನನ್ನೇ ಪರೀಕ್ಷೆ ಮಾಡಿಕೊಳ್ಳಲು. ಇಡೀ ಶರ್ಟು, ಜೀವನದಲ್ಲಿ ಮೊದಲ ಸಲ. ಹಾಕಿಕೊಂಡವರು ಬಲಗೈ ಎತ್ತಲಾಗದೆ ನಿಂತರು. ಅಯ್ಯೋ... ಎರಡೂ ಎಡಗೈ ತೋಳು! ಬಟ್ಟೆ ಮಡಿಸಿ ಜೋಡಿಯಾಗಿ ಕತ್ತರಿಸುವುದು ಕಟಿಂಗ್‌ನವರ ಕೆಲಸ. ನನಗೆ ಹೊಳೆಯಲೇ ಇಲ್ಲ. ಮಗಳು ಬಿದ್ದು ಬಿದ್ದು ನಕ್ಕಳು. ಇವರು ಕನ್ನಡಿ ನೋಡಿಕೊಂಡು, "ಕಾಲರ್ ಮಾತ್ರ ಸಾಹೇಬರದ್ದೇ ಕಣೇ!"

ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಹದಿನಾಲ್ಕು ವರ್ಷ ಶರ್ಟ್ ಫ್ಯಾಕ್ಟರಿಯಲ್ಲಿದ್ದು ಒಂದು ಶರ್ಟ್ ಹೊಲಿಯಲು ಬರುವುದಿಲ್ಲ. ನಾಚಿಕೆ.

ಮಾರ್ಚ್ 17, ಬೆಳಿಗ್ಗೆ 6
ಬಾಬಿನ್ ಅಕ್ಕನಿಗೆ ಫೋನ್ ಮಾಡಿದೆ. ತೋಳಿನ ಕಥೆಯೆಲ್ಲ ಹೇಳಿ, ನನ್ನ ಕೈಲಾಗಲ್ಲಕ್ಕಾ, ಅಂದೆ.
"ನಾನು ಹೊಲಿದ ಮೊದಲನೇ ಚೂಡಿದಾರ್‌ನಲ್ಲಿ ತಲೆಯೇ ತೂರ್ತಿರ್ಲಿಲ್ಲ. ಬಿಚ್ಚಿ ಮತ್ತೆ ಹೊಲಿ."
"ಕೆಲಸದಲ್ಲೂ ಇದ್ಕೊಂಡು, ಸಂಜೆ ಹೊತ್ತು ಬರ್ಲಾ?"
"ಎರಡು ದೋಣೀಲಿ ಕಾಲಿಡೋರಿಗೆ ನನ್ನತ್ರ ಮಷೀನಿಲ್ಲ."
ಫೋನಿಟ್ಟೇ ಬಿಟ್ಟಳು. ಕೊಬ್ಬು!

ಮಾರ್ಚ್ 27
ಮೂರನೇ ಶರ್ಟು. ಬೆಳಿಗ್ಗೆ ಹಾಕಿಕೊಂಡು ಹೋದವರು ಸಂಜೆಯಾದರೂ ತುಟಿ ಪಿಟಿಕ್ಕೆನ್ನಲಿಲ್ಲ. ನಾನೇ ಕೇಳಿದೆ. "ಓ, ಇದಾ? ಹಾಕಿದ್ದೇ ಮರೆತುಹೋಗಿತ್ತು" ಅಂದರು. ಮದುವೆಯಾದಾಗಿನಿಂದ ಇಷ್ಟು ಒಳ್ಳೆಯ ಮಾತು ಆ ಬಾಯಲ್ಲಿ ಬಂದಿರಲಿಲ್ಲ.

ಮಾರ್ಚ್ 31, ರಾತ್ರಿ 8
ಬಾಬಿನ್ ಅಕ್ಕನಿಗೆ ಬರ್ತೀನಿ ಅಂತ ಹೇಳಿ, ರಾಜೀನಾಮೆ ಕೊಟ್ಟೆ. ಮ್ಯಾನೇಜರ್ ಎರಡು ಸಲ ಓದಿದರು. "ನಿಮ್ಮನ್ನ ಸೂಪರ್‌ವೈಸರ್ ಮಾಡೋಣ ಅಂತಿದ್ವಿ. ಕೂತ್ಕೊಂಡು ಯೋಚ್ನೆ ಮಾಡಿ." ಕೂತೆ. ನಿಜವಾಗಿಯೂ ಯೋಚನೆ ಮಾಡಿದೆ. ಮಗಳು, ಕಾಲೇಜು, ಎಲ್ಲಾ. ಎದ್ದು, "ಬೇಡ ಸಾರ್" ಅಂದೆ.

ಗೇಟ್ ದಾಟಿದ ಮೇಲೆ ಒಮ್ಮೆ ತಿರುಗಿ ನೋಡಿದೆ. ಭಯ. ಅಷ್ಟಿಷ್ಟಲ್ಲ. ಇನ್ನೂ ಹೋಗಿಲ್ಲ. ವಿಷಯ ಕೇಳಿದಾಗಿನಿಂದ ಅತ್ತೆ ಮಾತಾಡುತ್ತಿಲ್ಲ, ಪಾತ್ರೆ ಮಾತ್ರ ಸದ್ದು ಮಾಡುತ್ತಿವೆ.

ಈಗ ಅದೇ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಕೈಯಲ್ಲಿ ಹೊಸ ರವಿಕೆ ಬಟ್ಟೆ. "ಅಳತೆ ತಗೋತೀಯಾ, ಇಲ್ಲ ಬರೀತಾನೇ ಇರ್ತೀಯಾ?"

ಟೇಪು ಎಲ್ಲಿಟ್ಟೆ —