ಕಿಟಕಿಯ ಅಳತೆ

ಪ್ರುಯಿಟ್ ಅವರೇ,

ನಿನ್ನೆ ಪೀಚ್ ಪೈ ಹಿಡಿದು ಬಂದು, "ಮಿಸ್ ಓಡೆಸಾ, ಮೇಲಿನ ಮನೆ ಖಾಲಿಯಾಗಿದೆ, ಕಿಟಕೀಲಿ ನದಿ ಕಾಣುತ್ತೆ, ಹೋಗ್ಬಿಡಿ" ಅಂದಿರಿ. ಹೀಟರ್ ಕೆಟ್ಟಾಗ ಕರೆದರೂ ಬಾರದ, ಈ ಕಟ್ಟಡದ ಮ್ಯಾನೇಜರಾದ ನಿಮಗೆ ನಾನು ನದಿ ನೋಡುವ ಚಿಂತೆ ಯಾಕೆ? ಜೊತೆಗೆ ಬಂದ ನಿಮ್ಮ ತಂಗಿ ನನ್ನ ಕಿಟಕಿಯನ್ನು ಗೇಣು ಹಾಕಿ ಅಳೆಯುತ್ತಿದ್ದರು.

ಎದುರುಮನೆಯಲ್ಲಿದ್ದ ವರ್ಲೀನ್ ಕೂಡ ನಿಮ್ಮ ಮಾತು ನಂಬಿ ಮನೆ ಬದಲಿಸಿದಳು. ಬಾಡಿಗೆಗೆ ಸರ್ಕಾರ ಕೊಡುವ ನೆರವು ತನ್ನ ಹೆಸರಿಗಿದೆ ಅಂದುಕೊಂಡಿದ್ದಳು. ಅದು ಇದ್ದದ್ದು ಅವಳು ಬಿಟ್ಟುಬಂದ ಮನೆಗೆ. ಪೂರ್ತಿ ಬಾಡಿಗೆ ಕಟ್ಟಲಾಗದೆ ಈಗ ಮಗಳ ಮನೆಯ ಸೋಫಾದಲ್ಲಿ ಮಲಗುತ್ತಾಳೆ.

ನನ್ನ ಈ ಮನೆಗಿರುವಂತೆ ಮೇಲಿನ ಮನೆಗೂ ಆ ನೆರವಿದೆಯೆಂದು ಬರೆದು ಸಹಿ ಹಾಕಿ ಕೊಡಿ. ಇಲ್ಲವಾದರೆ ಹೀಟರ್ ರಿಪೇರಿ ಮಾಡಿಸಿ. ಪೈ ಮುಟ್ಟಿಲ್ಲ, ಬಾಗಿಲ ಹೊರಗಿಟ್ಟಿದ್ದೇನೆ. ನಿಮ್ಮ ತಂಗಿಗೆ ಹೇಳಿ, ಈ ಕಿಟಕಿಗೆ ನಾನು ಹಾಕಿದ ಪರದೆ ಇನ್ನೂ ಗಟ್ಟಿಯಾಗಿದೆ.

ಸದ್ಯ ಎಲ್ಲಿಗೂ ಹೋಗದ,
ಓಡೆಸಾ ಟಿಲ್‌ಮನ್